ತಲೆಬುರುಡೆ ದಪ್ಪವಾದರೆ ಬುದ್ಧಿ ಮಂದವಾಗುತ್ತದೆಯೇ? ರಿಪೋರ್ಟಿನ ಒಂದು ಸಾಲಿಗೆ ಹೆದರುವ ಮೊದಲು

ಹಳ್ಳಿ ಕಡೆ ಪತ್ರಕರ್ತ ಎಂದರೆ ಅರ್ಧ ವಕೀಲ, ಅರ್ಧ ಡಾಕ್ಟರು, ಇನ್ನರ್ಧ ತಾಲೂಕು ಕಚೇರಿ ಗುಮಾಸ್ತ. ನಮ್ಮ ವಾಟ್ಸಾಪಿಗೆ ಪಹಣಿಯ ಫೋಟೊ ಬರುತ್ತದೆ, ನಿಂತುಹೋದ ಪಿಂಚಣಿಯ ಪಾಸ್‌ಬುಕ್ ಬರುತ್ತದೆ. ಈಚೆಗೆ ಸ್ಕ್ಯಾನಿಂಗ್ ರಿಪೋರ್ಟುಗಳೂ ಬರತೊಡಗಿವೆ. "ಸಾರ್, ಇಂಗ್ಲಿಷಲ್ಲಿ ಏನೋ ಬರೆದವ್ರೆ, ಸ್ವಲ್ಪ ನೋಡಿ ಹೇಳಿ" ಎಂಬ ಸಾಲು ಅದರ ಹಿಂದೆಯೇ ಬರುತ್ತದೆ.

ತಲೆಯ ಸ್ಕ್ಯಾನಿನ ರಿಪೋರ್ಟುಗಳಲ್ಲಿ ಒಂದು ಸಾಲು ಜನರನ್ನು ವಿಪರೀತ ಹೆದರಿಸುತ್ತಿದೆ. 'ಕ್ಯಾಲ್ವೇರಿಯಲ್ ಥಿಕನಿಂಗ್' ಎಂದೋ, 'ಹೈಪರೊಸ್ಟೋಸಿಸ್ ಫ್ರಾಂಟಾಲಿಸ್ ಇಂಟರ್ನಾ' ಎಂದೋ ಅದರಲ್ಲಿ ಬರೆದಿರುತ್ತದೆ. ಸರಳವಾಗಿ ಹೇಳಿದರೆ, ತಲೆಬುರುಡೆಯ ಮೂಳೆ ದಪ್ಪಗಾಗಿದೆ ಎಂದರ್ಥ. ಮನೆಯಲ್ಲಿ ಓದು ಬಲ್ಲ ಹುಡುಗ ಆ ಪದವನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಯಾವುದೋ ವಿಡಿಯೊದಲ್ಲಿ ಯಾರೋ, ಬುರುಡೆ ದಪ್ಪವಾದರೆ ಮೆದುಳು ಒತ್ತಿಹೋಗಿ ಮರೆವು, ಹುಚ್ಚು, ಮಂದಬುದ್ಧಿ ಎಲ್ಲ ಬರುತ್ತದೆ ಎನ್ನುತ್ತಾರೆ. ಅಂದು ರಾತ್ರಿ ಮನೆಯವರಿಗೆ ಊಟ ಸೇರುವುದಿಲ್ಲ.

ಪ್ರಶ್ನೆಗಳು ಬಗೆಬಗೆಯವು. "ಅಮ್ಮನಿಗೆ ಮರೆವು ಬಂದಿರೋದು ಇದರಿಂದಾನಾ?" "ಮಗ ಓದಿನಲ್ಲಿ ಹಿಂದೆ ಬಿದ್ದಿರೋದು ಇದಕ್ಕೇನಾ?" ಇವು ಚಿಂತೆಯ ಪ್ರಶ್ನೆಗಳು. ಇನ್ನೊಂದು ಪ್ರಶ್ನೆಯೂ ಬಂತು. ಮುದುಕಿಯೊಬ್ಬರ ರಿಪೋರ್ಟು ಕಳಿಸಿ, "ಇದನ್ನ ತೋರಿಸಿ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಪತ್ರಕ್ಕೆ ಸಹಿ ಹಾಕೋದನ್ನ ತಡೀಬಹುದಾ?" ಎಂದು ಕೇಳಿದರು. ಅದು ಜಮೀನಿನ ಪ್ರಶ್ನೆ. ಈ ಬರಹಕ್ಕೆ ಆ ಪ್ರಶ್ನೆಯೇ ಮುಖ್ಯ ಕಾರಣ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಬುರುಡೆಯ ದಪ್ಪವನ್ನು ನೋಡಿ ಯಾರ ಬುದ್ಧಿಯನ್ನೂ ಅಳೆಯಲಾಗದು. ಹೆಚ್ಚಿನವರಲ್ಲಿ ಆ ಸಾಲು ತಲೆಗೂದಲು ನೆರೆತಿದೆ ಎಂಬಷ್ಟೇ ಸಾಮಾನ್ಯ ಸಂಗತಿ. ಕೆಲವರಲ್ಲಿ ಮಾತ್ರ ಅದು ಬೇರೊಂದು ಕಾಯಿಲೆಯ ಗುರುತು. ಅಲ್ಲಿ ನೋಡಬೇಕಾದ್ದು ಆ ಕಾಯಿಲೆಯನ್ನು. ಈ ವ್ಯತ್ಯಾಸ ತಿಳಿಸಿಕೊಡುವ ಕೆಲಸ ರಿಪೋರ್ಟು ಕೊಟ್ಟವರದು. ಅವರು ಅದನ್ನು ಮಾಡುತ್ತಿಲ್ಲ.

ಬುರುಡೆ ಹೇಗಿರುತ್ತದೆ

ತಲೆಬುರುಡೆ ಒಂದೇ ಗಟ್ಟಿ ಹಲಗೆಯಲ್ಲ. ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ನಡುವೆ ಜೇನುಹಟ್ಟಿಯಂತೆ ತೂತುತೂತಾದ ಮೂಳೆ. ಆ ತೂತುಗಳಲ್ಲಿ ಮಜ್ಜೆ ಇರುತ್ತದೆ, ಅಲ್ಲಿ ರಕ್ತ ತಯಾರಾಗುತ್ತದೆ. ದೊಡ್ಡವರಲ್ಲಿ ಬುರುಡೆ ಸುಮಾರು 6ರಿಂದ 7 ಮಿಲಿಮೀಟರ್ ದಪ್ಪವಿರುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮ ಇಲ್ಲ: ಕಿವಿಯ ಮೇಲಿನ ಭಾಗದಲ್ಲಿ ತೆಳು, ಹಿಂದಲೆಯ ಉಬ್ಬಿನಲ್ಲಿ ಇನ್ನೂ ದಪ್ಪ. ಒಬ್ಬರಿಂದ ಒಬ್ಬರಿಗೂ ವ್ಯತ್ಯಾಸವಿದೆ. ಒಬ್ಬರ ಕೈ ಬೆರಳು ಉದ್ದ, ಇನ್ನೊಬ್ಬರದು ಗಿಡ್ಡ ಇದ್ದ ಹಾಗೆ.

ಬುರುಡೆಗೂ ಮೆದುಳಿಗೂ ನಡುವೆ ಪೊರೆಗಳಿವೆ, ನೀರಿನಂಥ ದ್ರವವಿದೆ. ವಯಸ್ಸಾದಂತೆ ಮೆದುಳು ಕೊಂಚ ಕುಗ್ಗುತ್ತದೆ, ಸುತ್ತಲ ಜಾಗ ಹೆಚ್ಚುತ್ತದೆ. ಹಾಗಾಗಿ ಹಣೆಯ ಒಳಗೆ ಮೂಳೆ ಕೆಲವು ಮಿಲಿಮೀಟರ್ ಬೆಳೆದರೂ ಸಾಮಾನ್ಯವಾಗಿ ಮೆದುಳಿಗೆ ತಾಗುವುದಿಲ್ಲ, ತಾಗಿದರೂ ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಮೆದುಳು ಹೊಂದಿಕೊಳ್ಳುತ್ತದೆ.

ತೊಂದರೆ ಬರುವುದು ಎರಡು ಕಡೆ. ಒಂದು, ಬುರುಡೆಯ ತಳದಲ್ಲಿ. ಅಲ್ಲಿ ಕಣ್ಣಿನ, ಕಿವಿಯ, ಮುಖದ ನರಗಳು ಹೊರಬರುವ ಸಣ್ಣ ಸಣ್ಣ ರಂಧ್ರಗಳಿವೆ. ಮೂಳೆ ಬೆಳೆದು ಆ ರಂಧ್ರ ಕಿರಿದಾದರೆ ನರ ಹಿಸುಕಿದಂತಾಗುತ್ತದೆ. ಎರಡು, ಮೂಳೆ ತೀರಾ ವಿಪರೀತ ಬೆಳೆದು ಇಡೀ ಪೆಟ್ಟಿಗೆಯ ಒಳಜಾಗವೇ ಕಡಿಮೆಯಾದಾಗ. ಆಗ ಒಳಗಿನ ಒತ್ತಡ ಏರುತ್ತದೆ. ಎರಡೂ ಅಪರೂಪ.

ಹೆಂಗಸರ ಹಣೆಮೂಳೆ ಮತ್ತು ಒಂದು ಹಳೇ ಅಪವಾದ

ಮುಟ್ಟು ನಿಂತ ವಯಸ್ಸಿನ ಹೆಂಗಸರ ತಲೆ ಸ್ಕ್ಯಾನಿನಲ್ಲಿ ಹಣೆಮೂಳೆಯ ಒಳಬದಿ ದಪ್ಪಗಾಗಿ, ಗುಡ್ಡಗುಡ್ಡವಾಗಿ ಕಾಣುವುದು ಬಹಳ ಸಾಮಾನ್ಯ. ಗಂಡಸರಲ್ಲಿ ಕಡಿಮೆ. ಹಾಗಾಗಿ ಇದಕ್ಕೂ ಹೆಣ್ಣಿನ ಹಾರ್ಮೋನುಗಳಿಗೂ ಸಂಬಂಧವಿದೆ ಎಂದು ವೈದ್ಯರು ಭಾವಿಸುತ್ತಾರೆ. ರಿಪೋರ್ಟಿನಲ್ಲಿ ಬರುವ ಆ ಉದ್ದದ ಹೆಸರು ಇದಕ್ಕೇ.

ಇದನ್ನು ಇಟಲಿಯ ಮೊರ್ಗಾಗ್ನಿ ಎಂಬ ವೈದ್ಯ 18ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದ. ಆಮೇಲೆ 1928ರಲ್ಲಿ ಸ್ಟೂವರ್ಟ್, 1930ರಲ್ಲಿ ಮೊರೆಲ್ ಎಂಬ ವೈದ್ಯರು ಇದನ್ನು ಮಾನಸಿಕ ಕಾಯಿಲೆಯೊಂದಿಗೆ ಜೋಡಿಸಿದರು. ಹಣೆಮೂಳೆ ದಪ್ಪ, ಮೈ ದಪ್ಪ, ತಲೆನೋವು, ಮಂಕು, ಮರೆವು ಎಲ್ಲ ಸೇರಿಸಿ ಒಂದು ಕಾಯಿಲೆಯ ಹೆಸರೇ ಹುಟ್ಟಿತು.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಟೂವರ್ಟ್ ನೋಡಿದ್ದು ಮಾನಸಿಕ ರೋಗಿಗಳ ಬುರುಡೆಗಳನ್ನು. ಸಂತೆಗೆ ಬಂದ ಎತ್ತುಗಳನ್ನು ಮಾತ್ರ ಎಣಿಸಿ, ಊರಿನ ಎತ್ತುಗಳೆಲ್ಲ ಮಾರಾಟಕ್ಕಿವೆ ಎಂದರೆ ಹೇಗೆ? ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಬಂದು ಸಾಮಾನ್ಯ ಜನರ ತಲೆಯನ್ನೂ ನೋಡತೊಡಗಿದ ಮೇಲೆ, ಚೆನ್ನಾಗಿ ಅಡುಗೆ ಮಾಡಿಕೊಂಡು, ಲೆಕ್ಕ ಇಟ್ಟುಕೊಂಡು, ಮೊಮ್ಮಕ್ಕಳಿಗೆ ಕಥೆ ಹೇಳಿಕೊಂಡಿರುವ ಎಷ್ಟೋ ಅಜ್ಜಿಯರಲ್ಲೂ ಅದೇ ದಪ್ಪ ಹಣೆಮೂಳೆ ಸಿಕ್ಕಿತು. ವಯಸ್ಸಾದಂತೆ ಮೂಳೆಯೂ ದಪ್ಪವಾಗುತ್ತದೆ, ಮರೆವೂ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎನ್ನಲಾಗದು.

ಮೂಳೆ ತುಂಬಾ ಬೆಳೆದವರಲ್ಲಿ ತಲೆನೋವು, ಮಂಕು ಕಂಡಿದ್ದನ್ನು ಬರೆದಿರುವ ವೈದ್ಯರು ಈಗಲೂ ಇದ್ದಾರೆ. ಆದರೆ ಮೂಳೆಯೇ ಅದಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ಬಹುಪಾಲು ವೈದ್ಯರು ಇದನ್ನು 'ಬೇರೇನೋ ಹುಡುಕುವಾಗ ಕಣ್ಣಿಗೆ ಬಿದ್ದದ್ದು' ಎಂದಷ್ಟೇ ಪರಿಗಣಿಸುತ್ತಾರೆ, ಚಿಕಿತ್ಸೆ ಬೇಡ ಎನ್ನುತ್ತಾರೆ.

ಅತಿ ದಪ್ಪ ಬುರುಡೆಯವರು ಏನು ಹೇಳುತ್ತಾರೆ

ದಪ್ಪ ಬುರುಡೆ ಬುದ್ಧಿಯನ್ನು ಕುಂದಿಸುವುದೇ ನಿಜವಾಗಿದ್ದರೆ, ಜಗತ್ತಿನಲ್ಲೇ ಅತಿ ದಪ್ಪ ಬುರುಡೆ ಇರುವವರ ಬುದ್ಧಿ ಅತಿ ಕಡಿಮೆ ಇರಬೇಕಿತ್ತು. ಅಂಥವರು ಇದ್ದಾರೆ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದ ಕೆಲವು ಕುಟುಂಬಗಳಲ್ಲಿ ಸ್ಕ್ಲೆರೊಸ್ಟಿಯೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆ ಇದೆ. ಮೂಳೆ ಬೆಳೆದದ್ದು ಸಾಕು ಎಂದು ದೇಹಕ್ಕೆ ಹೇಳುವ ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನು ಅವರಲ್ಲಿ ತಯಾರಾಗುವುದಿಲ್ಲ. ಬ್ರೇಕಿಲ್ಲದ ಗಾಡಿಯ ಹಾಗೆ ಮೂಳೆ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ.

ಇವರ ಪಾಡು ಸಣ್ಣದಲ್ಲ. ಚಿಕ್ಕಂದಿನಲ್ಲೇ ಮುಖದ ನರ ಒತ್ತಿ ಬಾಯಿ ಸೊಟ್ಟಗಾಗುತ್ತದೆ. ಕಿವಿ ಕೇಳದಾಗುತ್ತದೆ. ದೊಡ್ಡವರಾದಂತೆ ಬುರುಡೆಯೊಳಗಿನ ಒತ್ತಡ ಏರಿ ಭಾರಿ ತಲೆನೋವು ಬರುತ್ತದೆ. ಬುರುಡೆಯ ತುಂಡು ತೆಗೆದು ಜಾಗ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮಾಡದಿದ್ದರೆ ಹಠಾತ್ ಸಾವೂ ಬರಬಹುದು. ಆದರೆ ಇಷ್ಟೆಲ್ಲದರ ನಡುವೆಯೂ ಅವರ ಬುದ್ಧಿಶಕ್ತಿ ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತದೆ.

ಈ ಕುಟುಂಬಗಳಿಂದ ಕಲಿತದ್ದು ಇಡೀ ಜಗತ್ತಿಗೆ ಉಪಕಾರವಾಗಿದೆ. ಆ ಪ್ರೋಟೀನನ್ನು ತಡೆಯುವ ರೊಮೊಸೊಝುಮ್ಯಾಬ್ ಎಂಬ ಔಷಧಿಯನ್ನು, ಮೂಳೆ ಸವೆದು ಮುರಿಯುವ ವಯಸ್ಸಾದ ಹೆಂಗಸರಿಗಾಗಿ 2019ರಲ್ಲಿ ಅಮೆರಿಕ ಒಪ್ಪಿತು.

ನಮಗೆ ಇದರಲ್ಲಿ ಇರುವ ಪಾಠ: ದಪ್ಪ ಮೂಳೆ ನರವನ್ನು ಹಿಸುಕಬಹುದು, ಒತ್ತಡ ಏರಿಸಬಹುದು, ಅದು ಜೀವಕ್ಕೂ ಅಪಾಯ. ಆದರೆ 'ದಪ್ಪ ತಲೆ, ದಡ್ಡ ತಲೆ' ಎಂಬ ಗಾದೆಯಂಥ ಮಾತಿಗೆ ಆಧಾರವಿಲ್ಲ.

ಗಾಡಿ ಮುಂದೆ, ಎತ್ತು ಹಿಂದೆ

ಕೆಲವು ಮಕ್ಕಳಲ್ಲಿ ಮೆದುಳಿನ ತೊಂದರೆಯೂ ಇರುತ್ತದೆ, ಬುರುಡೆಯೂ ದಪ್ಪ ಇರುತ್ತದೆ. ಅಲ್ಲಿ ಯಾವುದು ಮೊದಲು? ಬಹಳ ಸಲ ಮೆದುಳೇ ಮೊದಲು.

ಮಗುವಿನ ಬುರುಡೆ ಬೆಳೆಯುವುದು ಒಳಗಿನ ಮೆದುಳು ತಳ್ಳುವುದರಿಂದ. ಹೆರಿಗೆಯ ಸಮಯದಲ್ಲಿ ಉಸಿರುಗಟ್ಟಿದ್ದೋ, ಎಳೆವಯಸ್ಸಿನ ಮೆದುಳು ಜ್ವರವೋ, ರಕ್ತಸಂಚಾರ ನಿಂತದ್ದೋ ಕಾರಣವಾಗಿ ಮೆದುಳಿನ ಒಂದು ಬದಿ ಬೆಳೆಯದೆ ಉಳಿದರೆ, ಆ ಬದಿಯ ಬುರುಡೆ ಖಾಲಿ ಜಾಗ ತುಂಬಲು ಒಳಮುಖವಾಗಿ ದಪ್ಪವಾಗುತ್ತದೆ. 1933ರಲ್ಲಿ ಡೈಕ್, ಡೇವಿಡಾಫ್, ಮ್ಯಾಸನ್ ಎಂಬ ಮೂವರು ವೈದ್ಯರು ಇದನ್ನು ಬರೆದರು, ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಇಂಥ ಮಕ್ಕಳಿಗೆ ಫಿಟ್ಸ್, ಒಂದು ಬದಿಯ ಕೈಕಾಲು ಬಲಹೀನತೆ, ಕಲಿಕೆಯ ತೊಂದರೆ ಇರುತ್ತದೆ. ತಲೆಯಲ್ಲಿ ನೀರು ತುಂಬಿ, ಅದನ್ನು ಕೊಳವೆ ಹಾಕಿ ಇಳಿಸಿದ ಮಕ್ಕಳಲ್ಲೂ ಬುರುಡೆ ಆಮೇಲೆ ದಪ್ಪವಾಗುವುದುಂಟು.

ಅಂದರೆ ಬುರುಡೆ ಇಲ್ಲಿ ಅಪರಾಧಿಯಲ್ಲ, ಸಾಕ್ಷಿ. ಬುರುಡೆ ತೆಳು ಮಾಡಿದರೆ ಮಗು ಓದುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಮಗುವಿಗೆ ಬೇಕಾದದ್ದು ಫಿಟ್ಸಿನ ಔಷಧಿ, ಫಿಸಿಯೋಥೆರಪಿ, ಮಾತಿನ ತರಬೇತಿ, ತಾಳ್ಮೆಯ ಶಿಕ್ಷಕಿ.

ಇದರ ಜೊತೆ ಇನ್ನೊಂದನ್ನು ಬೆರೆಸಬಾರದು. ಹಸುಗೂಸಿನ ಬುರುಡೆಯ ಕೀಲುಗಳು ಬೇಗನೆ ಕೂಡಿಕೊಂಡು ತಲೆ ದೋಣಿಯಂತೆಯೋ, ಒಂದು ಬದಿಗೆ ವಾಲಿದಂತೆಯೋ ಕಾಣುವುದು ಬೇರೆ ತೊಂದರೆ. ಅದು ದಪ್ಪದ ವಿಷಯವಲ್ಲ. ಅಲ್ಲಿ ಮೆದುಳು ಬೆಳೆಯಲು ಜಾಗ ಸಿಗದೆ ಹೋಗಬಹುದು. ನೆತ್ತಿ ಬೇಗ ಮುಚ್ಚಿ ತಲೆಯ ಆಕಾರ ವಿಚಿತ್ರವಾಗಿ ಕಂಡರೆ "ದೊಡ್ಡವನಾದರೆ ಸರಿಹೋಗ್ತದೆ" ಎಂದು ಕಾಯಬೇಡಿ, ಮೊದಲ ವರ್ಷದಲ್ಲೇ ತೋರಿಸಿ.

ಯಾವಾಗ ಆ ಸಾಲು ನಿಜಕ್ಕೂ ಸುಳಿವು

ಹೆದರಬೇಡಿ ಎಂದ ಮಾತ್ರಕ್ಕೆ ರಿಪೋರ್ಟನ್ನು ಟ್ರಂಕಿನಲ್ಲಿ ಹಾಕಿ ಮರೆಯಿರಿ ಎಂದು ಹೇಳುತ್ತಿಲ್ಲ. ಬುರುಡೆ ದಪ್ಪವಾಗಿದ್ದರೆ ಡಾಕ್ಟರನ್ನು ಒಂದೇ ಮಾತು ಕೇಳಿ: "ಯಾಕೆ?"

*ರಕ್ತದ ಕಾಯಿಲೆ.* ಥಲಸ್ಸೇಮಿಯಾ ಇರುವ ಮಕ್ಕಳಲ್ಲಿ ರಕ್ತ ಸಾಲದೆ ದೇಹ ಮಜ್ಜೆಯನ್ನು ಹಿಗ್ಗಿಸುತ್ತದೆ. ಬುರುಡೆಯ ನಡುಪದರ ಉಬ್ಬುತ್ತದೆ, ಎಕ್ಸ್‌ರೇಯಲ್ಲಿ ಕೂದಲು ನಿಗುರಿ ನಿಂತಂತೆ ಕಾಣುತ್ತದೆ. ಹಣೆ, ಕೆನ್ನೆ ಉಬ್ಬುತ್ತವೆ. ಸಿಕಲ್ ಸೆಲ್ ಕಾಯಿಲೆಯಲ್ಲೂ ಹೀಗಾಗಬಹುದು. ಇಲ್ಲಿ ಮಗುವಿನ ಕಲಿಕೆ ಕುಂಠಿತವಾದರೆ ಅದಕ್ಕೆ ಕಾರಣ ಮೂಳೆಯಲ್ಲ, ರಕ್ತ. ಮೆದುಳಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಸಿಕಲ್ ಸೆಲ್‌ನಲ್ಲಿ ಹೊರಗೆ ಗೊತ್ತೇ ಆಗದಂಥ ಸಣ್ಣ ಸಣ್ಣ ಲಕ್ವಗಳು ಆಗಿರುತ್ತವೆ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರುಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ನಿನಲ್ಲಿ ಕರ್ನಾಟಕವೂ ಇದೆ. ರಕ್ತಪರೀಕ್ಷೆಗೆ ಬಂದವರನ್ನು ವಾಪಸ್ ಕಳಿಸಬೇಡಿ.

*ಫಿಟ್ಸಿನ ಮಾತ್ರೆ.* 1938ರಿಂದ ಬಳಕೆಯಲ್ಲಿರುವ ಫೆನಿಟಾಯಿನ್ ಅಗ್ಗದ, ಕೆಲಸ ಮಾಡುವ ಮಾತ್ರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಇದನ್ನೇ ನುಂಗುತ್ತಿದ್ದಾರೆ. ಬಹುಕಾಲ ತೆಗೆದುಕೊಂಡ ಕೆಲವರಲ್ಲಿ ವಸಡು ಉಬ್ಬುತ್ತದೆ, ಬುರುಡೆಯೂ ದಪ್ಪವಾಗುತ್ತದೆ. ಈ ದಪ್ಪದಿಂದ ಮೆದುಳಿಗೆ ಹಾನಿ ಎಂದು ಭಯಪಟ್ಟು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ, ಒಂದರ ಹಿಂದೆ ಒಂದು ಬಿಡುವಿಲ್ಲದೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಮೆದುಳಿಗೆ ನಿಜವಾದ ಹಾನಿ ಮಾಡುವುದು ಆ ಫಿಟ್ಸ್. ಈ ಬರಹದಲ್ಲಿ ಒಂದೇ ಒಂದು ಸಾಲನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಡಾಕ್ಟರನ್ನು ಕೇಳದೆ ಫಿಟ್ಸಿನ ಮಾತ್ರೆ ನಿಲ್ಲಿಸಬೇಡಿ. ನಡೆಯುವಾಗ ತೂರಾಡುವುದು, ಸದಾ ಮಂಪರು, ಕಣ್ಣು ಎರಡೆರಡಾಗಿ ಕಾಣುವುದು ಇದ್ದರೆ ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು. ಅದನ್ನು ಹೇಳಿ, ಬದಲಿಸುವುದನ್ನು ಅವರಿಗೆ ಬಿಡಿ.

*ಹಾರ್ಮೋನು ಮತ್ತು ಮೂಳೆಯ ಕಾಯಿಲೆ.* ದೊಡ್ಡವರಾದ ಮೇಲೂ ಚಪ್ಪಲಿಯ ಅಳತೆ ಏರುತ್ತಿದ್ದರೆ, ಉಂಗುರ ಬೆರಳಿಗೆ ಬಿಗಿಯಾದರೆ, ದವಡೆ ಮುಂದೆ ಬಂದಂತಾದರೆ ಅದು ಮೆದುಳಿನ ತಳದ ಗ್ರಂಥಿಯ ಗೆಡ್ಡೆಯಿಂದ ಬರುವ ಆಕ್ರೊಮೆಗಾಲಿ ಇರಬಹುದು. ಅದರಲ್ಲೂ ಬುರುಡೆ ದಪ್ಪವಾಗುತ್ತದೆ. ಪ್ಯಾಜೆಟ್ ಎಂಬ ಮೂಳೆ ಕಾಯಿಲೆಯಲ್ಲಿ ಬುರುಡೆ ಬೆಳೆದು ಕಿವಿ ಮಂದವಾಗುವುದುಂಟು. ಎರಡಕ್ಕೂ ಚಿಕಿತ್ಸೆ ಇದೆ.

*ನೀರಿನ ಫ್ಲೋರೈಡ್.* ಪಾವಗಡ, ಬಾಗೇಪಲ್ಲಿ ಕಡೆಯ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ. ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಅದನ್ನು ಗಟ್ಟಿ, ದಪ್ಪ ಮಾಡುತ್ತದೆ. ಆದರೆ ಅದು ಹೆಚ್ಚಾಗಿ ಕಾಡುವುದು ಬೆನ್ನುಮೂಳೆ, ಸೊಂಟವನ್ನು. ಬೆನ್ನುಹುರಿ ಒತ್ತಿಹೋಗಿ ಕೈಕಾಲು ಸ್ವಾಧೀನ ತಪ್ಪುವುದೂ ಉಂಟು. ಬುದ್ಧಿಯ ವಿಷಯಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡಿಗೂ ಮಕ್ಕಳ ಬುದ್ಧಿಮಟ್ಟ ಕಡಿಮೆಯಾಗುವುದಕ್ಕೂ ಸಂಬಂಧವಿದೆ ಎಂದು ಸಾಧಾರಣ ಭರವಸೆಯೊಂದಿಗೆ ಹೇಳಿದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ 1.0 ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ ಮಾತ್ರ 1.5ರವರೆಗೆ. ಅಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬುರುಡೆಯದಲ್ಲ, ಬೋರ್‌ವೆಲ್ಲಿನದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಕೇಳಿ.

ಮೂಳೆಯ ಅಳತೆ, ಮನುಷ್ಯನ ಬೆಲೆ

ತಲೆ ಅಳೆದು ಜನರಿಗೆ ಬೆಲೆ ಕಟ್ಟುವ ಚಾಳಿ ಹೊಸದಲ್ಲ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಬುರುಡೆಯ ಉಬ್ಬುತಗ್ಗು ತಡವಿ ಗುಣ ಹೇಳುವ ಶಾಸ್ತ್ರವೇ ಇತ್ತು. ನಮ್ಮ ದೇಶದಲ್ಲಿ 1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಗಳ ಮೇಲುಕೀಳು ಹೇಳಲು ಹೊರಟಿದ್ದ. ಅವೆಲ್ಲ ಸುಳ್ಳು ವಿಜ್ಞಾನ ಎಂದು ಜಗತ್ತು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಅದೇ ಕೆಲಸವನ್ನು ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ನಾವು ನಮ್ಮ ಮನೆಯವರ ಮೇಲೆಯೇ ಮಾಡಬಾರದು.

ಸಹಿಯ ಪ್ರಶ್ನೆಗೆ ಬರೋಣ. 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಂ ಹೇಳುವುದು ಇಷ್ಟು: ಸಹಿ ಹಾಕುವ ಹೊತ್ತಿನಲ್ಲಿ ಆ ವ್ಯಕ್ತಿಗೆ ವಿಷಯ ಅರ್ಥವಾಗಬೇಕು, ಅದರಿಂದ ತನಗೆ ಲಾಭವೋ ನಷ್ಟವೋ ತೂಗಿ ನೋಡುವ ಶಕ್ತಿ ಇರಬೇಕು. ಅದರಲ್ಲಿ ಮೂಳೆಯ ಮಾತಿಲ್ಲ, ಮಿಲಿಮೀಟರಿನ ಮಾತಿಲ್ಲ. ಅಜ್ಜಿಗೆ ನಿಜವಾಗಿ ಮರೆವಿನ ಕಾಯಿಲೆ ಇದೆಯೇ ಎಂದು ಹೇಳಬೇಕಾದವರು ಅವರ ಜೊತೆ ಕೂತು ಮಾತಾಡಿ ಪರೀಕ್ಷಿಸುವ ವೈದ್ಯರು. ಬರಿಯ ಒಂದು ಫಿಲ್ಮು ಅದನ್ನು ಹೇಳಲಾರದು.

ಇನ್ನೂ ಒಂದು ಮಾತು. ತಾಯಿತಂದೆಯ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಇದೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಆ ಬರವಣಿಗೆಯನ್ನು ರದ್ದು ಮಾಡಿ ಎಂದು ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಹಿರಿಯರ ಸಹಾಯವಾಣಿ 14567. ಈ ನಂಬರನ್ನು ಮನೆಯ ಅಜ್ಜಿಯ ಕೀಪ್ಯಾಡ್ ಫೋನಿನಲ್ಲಿ ಸೇವ್ ಮಾಡಿಕೊಡಿ.

ಶಾಲೆಯಲ್ಲೂ ಇದೇ ಮಾತು. 'ದಪ್ಪ ತಲೆ', 'ಮಡ್ಡಿ ತಲೆ' ಎಂದು ಮಾಸ್ತರೊಬ್ಬರು ಕರೆದರೆ ಆ ಹೆಸರು ಹತ್ತನೇ ಕ್ಲಾಸಿನವರೆಗೂ ಮಗುವಿನ ಬೆನ್ನು ಬಿಡುವುದಿಲ್ಲ. ಆ ಮಗುವಿಗೆ ಬೋರ್ಡು ಕಾಣುತ್ತಿದೆಯೇ, ಕಿವಿ ಕೇಳುತ್ತಿದೆಯೇ, ರಕ್ತ ಎಷ್ಟಿದೆ, ಬೆಳಗ್ಗೆ ತಿಂದು ಬಂದಿದೆಯೇ ಎಂದು ಯಾರೂ ನೋಡಿರುವುದಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳನ್ನು ತಪಾಸಣೆ ಮಾಡುವ ತಂಡ ಬರುತ್ತದೆ. ಆ ತಂಡ ನಿಮ್ಮೂರಿಗೆ ಯಾವಾಗ ಬಂತು, ಏನು ಬರೆದುಕೊಟ್ಟಿತು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

ಮರೆವಿಗೆ ನಿಜವಾಗಿ ಎಲ್ಲಿ ಹುಡುಕಬೇಕು

ಬುರುಡೆಯ ಭಯದಲ್ಲಿ ಕೈತಪ್ಪುವುದು ಏನೆಂದರೆ, ಸರಿಮಾಡಬಹುದಾದ ಕಾರಣಗಳು. ಭಾರತದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು 7 ಮಂದಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಆದರೆ ಮರೆವು ಕಂಡ ಎಲ್ಲರಿಗೂ ಅದೇ ಕಾಯಿಲೆ ಎಂದಲ್ಲ. ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆ, ಸಕ್ಕರೆ ಏರಿಳಿತ, ನಿದ್ದೆ ಮಾತ್ರೆ, ಸಾರಾಯಿ, ಕೇಳದ ಕಿವಿ ಎಲ್ಲವೂ ಮರೆವಿನ ಹಾಗೆಯೇ ಕಾಣುತ್ತವೆ. ಇವುಗಳಲ್ಲಿ ಹಲವನ್ನು ಒಂದು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು, ಅದಕ್ಕೆ ಸ್ಕ್ಯಾನಿಗಿಂತ ಕಡಿಮೆ ಖರ್ಚು.

ವಯಸ್ಸಾದವರು ಬಚ್ಚಲಲ್ಲಿ ಜಾರಿಬಿದ್ದು, ಕೆಲವು ವಾರಗಳ ನಂತರ ಮಂಕಾದರೆ, ಮಾತು ತಡವರಿಸಿದರೆ, ಒಂದು ಕಾಲು ಎಳೆದರೆ ಅದನ್ನು ವಯಸ್ಸಿನ ಮರೆವು ಎಂದು ಬಿಡಬೇಡಿ. ಬುರುಡೆಯೊಳಗೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಿರಬಹುದು. ಸಮಯಕ್ಕೆ ತೆಗೆದರೆ ಮನುಷ್ಯ ಮೊದಲಿನಂತಾಗುತ್ತಾನೆ. ಇಂಥವರಿಗೆ ಸ್ಕ್ಯಾನ್ ಬೇಕೇ ಬೇಕು.

ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಬಿಪಿ, ಸಕ್ಕರೆ, ಬೀಡಿ ಸಿಗರೇಟು, ಕಿವುಡು, ತಲೆಗೆ ಪೆಟ್ಟು, ಒಂಟಿತನ, ಕಡಿಮೆ ಓದು, ಕಣ್ಣಿನ ಪೊರೆಯಂಥ ದೃಷ್ಟಿದೋಷ ಎಲ್ಲ ಅದರಲ್ಲಿವೆ. ಬುರುಡೆಯ ದಪ್ಪ ಆ ಪಟ್ಟಿಯಲ್ಲಿಲ್ಲ. ಹೆಲ್ಮೆಟ್ ಹಾಕದೆ ಬೈಕು ಓಡಿಸುವವನಿಗೆ ತನ್ನ ಬುರುಡೆಯ ದಪ್ಪದ ಮೇಲೆ ಇರುವ ನಂಬಿಕೆಯೇ ಮೆದುಳಿಗೆ ಹೆಚ್ಚು ಅಪಾಯಕಾರಿ.

ಹಳ್ಳಿಗರ ಮೆದುಳಿನ ಬಗ್ಗೆ ಸಂಶೋಧನೆ ಹಳ್ಳಿಯಲ್ಲೇ ನಡೆಯುತ್ತಿದೆ ಎಂಬುದು ಸಮಾಧಾನದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ, 10,000 ಜನರನ್ನು ಸೇರಿಸುವುದು ಅದರ ಗುರಿ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಅದು ಯಾವ ದಿನ, ಯಾವ ಕೋಣೆಯಲ್ಲಿ ಎಂದು ವಿಚಾರಿಸಿ. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ನಾವು ಕೇಳುವುದು

ಸ್ಕ್ಯಾನಿಂಗ್ ಸೆಂಟರಿನವರಿಗೆ: ದುಡ್ಡು ಕೊಡುವವರು ಕನ್ನಡದವರು. ರಿಪೋರ್ಟಿನ ಕೊನೆಯಲ್ಲಿ ಎರಡು ಸಾಲು ಕನ್ನಡ ಹಾಕಿ. "ಬುರುಡೆಯ ಮೂಳೆ ಕೊಂಚ ದಪ್ಪವಿದೆ, ಈ ವಯಸ್ಸಿನಲ್ಲಿ ಇದು ಸಾಮಾನ್ಯ" ಎಂದು ಬರೆಯಲು ಎಷ್ಟು ಶಾಯಿ ಬೇಕು? ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿಸಬಲ್ಲ ಸರ್ಕಾರಕ್ಕೆ ಇದನ್ನು ಮಾಡಿಸುವುದು ಕಷ್ಟವಲ್ಲ.

ಡಾಕ್ಟರುಗಳಿಗೆ: ನಿಮಗೆ ಆ ಸಾಲು ಮುಖ್ಯವಲ್ಲ ಎಂದು ಗೊತ್ತಿರುತ್ತದೆ, ಅದಕ್ಕೇ ಅದರ ಬಗ್ಗೆ ಮಾತಾಡುವುದಿಲ್ಲ. ಆದರೆ ನೀವು ಮಾತಾಡದೆ ಬಿಟ್ಟ ಸಾಲನ್ನೇ ಮನೆಯವರು ರಾತ್ರಿಯೆಲ್ಲ ಓದುತ್ತಾರೆ. "ಇದು ಏನೂ ಅಲ್ಲ" ಎಂದು ಬಾಯಿಬಿಟ್ಟು ಹೇಳಿ. ಒಂದು ಮಾತಿನಿಂದ ಒಂದು ಮನೆಯ ಕುರಿ ಮಾರಾಟವಾಗದೆ ಉಳಿಯುತ್ತದೆ, ಇನ್ನೊಂದು ಊರಿನ ಇನ್ನೊಂದು ಸ್ಕ್ಯಾನು ತಪ್ಪುತ್ತದೆ.

ಓದುಗರಿಗೆ: ಬೆಳಗ್ಗೆ ಎದ್ದಾಗ ಹೆಚ್ಚಾಗುವ ತಲೆನೋವು ಜೊತೆಗೆ ವಾಂತಿ, ಕಣ್ಣು ಮಂಜಾಗುವುದು, ಕಿವಿ ಕೇಳದಾಗುವುದು, ಬಾಯಿ ಸೊಟ್ಟಗಾಗುವುದು, ಹೊಸದಾಗಿ ಫಿಟ್ಸ್ ಬರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ. ಇವು ಯಾವುವೂ ಇಲ್ಲದೆ ರಿಪೋರ್ಟಿನಲ್ಲಿ ಬರೀ 'ದಪ್ಪ' ಎಂದಿದ್ದರೆ, ಅದೇ ಡಾಕ್ಟರ ಬಳಿ ಮೂರು ಪ್ರಶ್ನೆ ಕೇಳಿ: ಇದು ಯಾಕೆ ಆಗಿದೆ? ಇದಕ್ಕೆ ಏನಾದರೂ ಪರೀಕ್ಷೆ ಬೇಕಾ? ಈಗಿನ ಮಾತ್ರೆ ಮುಂದುವರಿಸಬೇಕಾ? ಉತ್ತರವನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಂಡು ಬನ್ನಿ.

ಮತ್ತೆ ಆ ರಿಪೋರ್ಟನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅದು ಒಬ್ಬ ಮನುಷ್ಯರ ತಲೆಯ ಒಳಗಿನ ಚಿತ್ರ. ಅದನ್ನು ಯಾರಿಗೆ ತೋರಿಸಬೇಕು ಎಂದು ಹೇಳುವ ಹಕ್ಕು ಅವರದು. ಎಪ್ಪತ್ತೆಂಟರ ಅಜ್ಜಿಯಾದರೂ ಸರಿ, ಅವರನ್ನೇ ಕೇಳಿ.